ಬಿಲ್ಲು ಮತ್ತು ತೊಗಲು: ನಾರಿನ ವಿದ್ಯೆಯ ಎರಡು ಶಾಖೆಗಳು



ವಿದ್ಯೆಯ ಹೆಸರಿನಲ್ಲಿ ಧನವನ್ನು ವಿನಿಯೋಗಿಸಿ, ವರ್ಷಕ್ಕೊಮ್ಮೆ ನಾಲ್ಕು ಜನ ಕೂಡಿ ಒಂದು ವಿಷಯವನ್ನು ನೆಮ್ಮದಿಯಿಂದ ಆಲೋಚಿಸುವಂತೆ ಏರ್ಪಾಡು ಮಾಡುವುದು ನಮ್ಮ ನಾಡಿನ ಸತ್ಸಂಪ್ರದಾಯಗಳಲ್ಲಿ ಒಂದು. ಆ ಸಂಪ್ರದಾಯಕ್ಕೆ ಸೇರಿದ ಈ ವೇದಿಕೆಯಿಂದ ಮಾತನಾಡುವ ಅವಕಾಶವನ್ನು ನನಗೆ ಕಲ್ಪಿಸಿಕೊಟ್ಟುದಕ್ಕಾಗಿ ನಿಮಗೆಲ್ಲ ಕೃತಜ್ಞನಾಗಿದ್ದೇನೆ. ವಿಷಯದ ಆಯ್ಕೆಯನ್ನು ಉಪನ್ಯಾಸಕನಿಗೇ ಬಿಟ್ಟಿರುವುದು ಈ ದತ್ತಿಯ ಔದಾರ್ಯ. ಆ ಔದಾರ್ಯವನ್ನು ನೆಚ್ಚಿಕೊಂಡು, ವಿದ್ವತ್ಸಭೆಗಳಲ್ಲಿ ಸಾಮಾನ್ಯವಾಗಿ ಪ್ರಸ್ತಾಪಕ್ಕೆ ಬಾರದ ಎರಡು ಪುರಾತನ ಕಸುಬುಗಳನ್ನು, ಎಂದರೆ ಮರದಿಂದ ಬಿಲ್ಲು ಮಾಡುವುದನ್ನೂ ಕೈಯಿಂದ ತೊಗಲನ್ನು ಹದಮಾಡುವುದನ್ನೂ ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಇವೆರಡೂ ಮೇಲ್ನೋಟಕ್ಕೆ ಪರಸ್ಪರ ಸಂಬಂಧವಿಲ್ಲದ ಕೆಲಸಗಳಾಗಿ ತೋರುತ್ತವೆ. ಒಂದು ಕಾಡಿನ ಮರಕ್ಕೆ ಸೇರಿದುದು, ಇನ್ನೊಂದು ಸತ್ತ ಪ್ರಾಣಿಯ ದೇಹಕ್ಕೆ ಸೇರಿದುದು. ಒಂದಕ್ಕೆ ಕಾವ್ಯಪುರಾಣಗಳಲ್ಲಿ ಕೀರ್ತಿ, ಇನ್ನೊಂದಕ್ಕೆ ಊರ ಹೊರಗಿನ ವಾಸ. ಆದರೆ ಕೆಲಸದ ಒಳಹೊಕ್ಕು ನೋಡಿದವರಿಗೆ ಇವು ಒಂದೇ ವಿದ್ಯೆಯ ಎರಡು ಶಾಖೆಗಳೆಂಬುದು ವ್ಯಕ್ತವಾಗುತ್ತದೆ. ಅದು ನಾರಿನ ವಿದ್ಯೆ. ಜೀವವಿದ್ದಾಗ ಮರವನ್ನು ನೆಟ್ಟಗೆ ನಿಲ್ಲಿಸಿದ್ದ, ಪಶುವಿನ ಮೈಯನ್ನು ಕಾಪಾಡಿದ್ದ ನಾರು, ಜೀವ ಹೋದ ಮೇಲೂ ಮನುಷ್ಯನ ಕೈಯಲ್ಲಿ ತನ್ನ ಗುಣವನ್ನು ಉಳಿಸಿಕೊಂಡಿರಬೇಕಾದರೆ ಏನು ಮಾಡತಕ್ಕದ್ದು ಎಂಬ ಪ್ರಶ್ನೆಗೆ, ಅಕ್ಷರವನ್ನರಿಯದ ಜನರು ಸಾವಿರಾರು ವರ್ಷಗಳ ಪರಿಶ್ರಮದಿಂದ ಉತ್ತರ ಕಂಡುಕೊಂಡರು. ಆ ಉತ್ತರ ಶಾಸ್ತ್ರವೆಂಬ ಹೆಸರಿಗೆ ಅರ್ಹವಾದುದು. ಅದನ್ನು ಬಲ್ಲವರು ಪಂಡಿತರ ಪಂಕ್ತಿಯಲ್ಲಿ ಕುಳ್ಳಿರಲು ಅರ್ಹರು. ಇದೇ ಈ ಉಪನ್ಯಾಸದ ಪ್ರತಿಪಾದ್ಯ.

೧

ಬಿಲ್ಲಿಗೆ ನಮ್ಮ ವಾಙ್ಮಯ ಸಲ್ಲಿಸಿರುವ ಗೌರವ ಮತ್ತಾವ ಆಯುಧಕ್ಕೂ ಸಂದಿಲ್ಲ. ಸೀತೆಯ ವಿವಾಹ ನಿಶ್ಚಯವಾದುದು ಶಿವಧನುಸ್ಸಿನ ಮುಂದೆ. ದ್ರೌಪದಿಯ ಸ್ವಯಂವರದಲ್ಲಿ ರಾಜರ ದರ್ಪ ಇಳಿದುದು ಹೆದೆಯೇರಿಸಲಾರದ ಬಿಲ್ಲಿನ ಮುಂದೆ. ಗಾಂಡೀವವಿಲ್ಲದ ಅರ್ಜುನನನ್ನು ವ್ಯಾಸರೂ ಕಲ್ಪಿಸಲಿಲ್ಲ, ನಮ್ಮ ಪಂಪನೂ ಕಲ್ಪಿಸಲಿಲ್ಲ. ಹೊಯ್ಸಳ ಶಿಲ್ಪಿಗಳು ಬೇಲೂರಿನ ಮದನಿಕೆಯರ ನಡುವೆ ಬಿಲ್ಲು ಹಿಡಿದ ಬೇಟೆಗಾರ್ತಿಯನ್ನು ನಿಲ್ಲಿಸಿದ್ದಾರೆ. ತುರುಗಾಳಗದಲ್ಲಿ ಮಡಿದ ವೀರರು ಹಳ್ಳಿಹಳ್ಳಿಯ ವೀರಗಲ್ಲುಗಳಲ್ಲಿ ಬಿಲ್ಲನ್ನೆಳೆದು ನಿಂತಿದ್ದಾರೆ. ಇಷ್ಟೆಲ್ಲ ಬಿಲ್ಲುಗಳಲ್ಲಿ ಒಂದನ್ನಾದರೂ ಮಾಡಿದವನು ಯಾರು, ಅವನು ಯಾವ ಮರವನ್ನು ಯಾವ ಋತುವಿನಲ್ಲಿ ಕಡಿದನು, ಎಷ್ಟು ಕಾಲ ಒಣಗಿಸಿದನು, ಯಾವ ನಾರಿನಿಂದ ಹೆದೆಯನ್ನು ಹೊಸೆದನು ಎಂದು ಕೇಳಿದರೆ ಕಾವ್ಯ ಮೌನವನ್ನು ತಾಳುತ್ತದೆ. ಗಾಂಡೀವವನ್ನು ಅಗ್ನಿಯು ವರುಣನಿಂದ ಪಡೆದು ಅರ್ಜುನನಿಗೆ ಕೊಡಿಸಿದನೆಂಬಲ್ಲಿಗೆ ಕಥೆಗೆ ತೃಪ್ತಿಯಾಗುತ್ತದೆ.

ಕಾವ್ಯ ಹೇಳದಿರುವುದನ್ನು ಎರಡು ಪ್ರಾಚೀನ ಗ್ರಂಥಗಳು ಸ್ವಲ್ಪಮಟ್ಟಿಗೆ ಹೇಳುತ್ತವೆ. ಶುಕ್ಲ ಯಜುರ್ವೇದದ ವಾಜಸನೇಯಿ ಸಂಹಿತೆಯ ೩೦ನೆಯ ಅಧ್ಯಾಯದಲ್ಲಿ ಆ ಕಾಲದ ನಾನಾ ವೃತ್ತಿಯವರ ದೀರ್ಘವಾದ ಪಟ್ಟಿಯೊಂದಿದೆ. ಬಾಣ ಮಾಡುವ ಇಷುಕಾರ, ಬಿಲ್ಲು ಮಾಡುವ ಧನುಷ್ಕಾರ, ಹೆದೆ ಮಾಡುವ ಜ್ಯಾಕಾರ ಎಂದು ಮೂವರು ಅದರಲ್ಲಿ ಬೇರೆಬೇರೆಯಾಗಿ ಕಾಣಿಸಿಕೊಳ್ಳುತ್ತಾರೆ; ತೊಗಲು ಹದಮಾಡುವ ಚರ್ಮಮ್ನನೂ ಅದೇ ಪಟ್ಟಿಯಲ್ಲಿದ್ದಾನೆ. ಒಂದು ಆಯುಧದ ಹಿಂದೆ ಮೂರು ಕಸುಬುಗಳು ಪ್ರತ್ಯೇಕವಾಗಿ ಬೆಳೆದು ನಿಲ್ಲಬೇಕಾದರೆ ಆ ವಿದ್ಯೆ ಅಷ್ಟು ಹಿಂದೆಯೇ ಪ್ರೌಢಾವಸ್ಥೆಯನ್ನು ಮುಟ್ಟಿರಬೇಕು.

ಎರಡನೆಯದು ಕೌಟಿಲ್ಯನ ಅರ್ಥಶಾಸ್ತ್ರ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಗರಿಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ನೀಡಿದವರು ನಮ್ಮವರೇ ಆದ ಆರ್. ಶಾಮಶಾಸ್ತ್ರಿಗಳೆಂಬುದನ್ನು ಇಲ್ಲಿ ಹೆಮ್ಮೆಯಿಂದ ಸ್ಮರಿಸತಕ್ಕದ್ದಾಗಿದೆ. ಆಯುಧಾಗಾರದ ಅಧ್ಯಕ್ಷನು ಅರಿತಿರಬೇಕಾದ ಸಂಗತಿಗಳನ್ನು ಹೇಳುವಾಗ ಕೌಟಿಲ್ಯನು ತಾಳೆಯ ಬಿಲ್ಲು, ಬಿದಿರಿನ ಬಿಲ್ಲು, ಮರದ ಬಿಲ್ಲು, ಕೊಂಬಿನ ಬಿಲ್ಲು ಎಂದು ನಾಲ್ಕು ಬಗೆಗಳನ್ನು ಎಣಿಸುತ್ತಾನೆ. ಹೆದೆಗೆ ಮೂರ್ವಾ, ಎಕ್ಕ, ಸಣಬು, ಗವೇಧು, ಬಿದಿರು, ಸ್ನಾಯು ಎಂದು ಆರು ದ್ರವ್ಯಗಳನ್ನು ಹೇಳುತ್ತಾನೆ. ಇದೇ ಗ್ರಂಥದ ಮತ್ತೊಂದು ಪ್ರಕರಣದಲ್ಲಿ, ರಾಜಕೋಶಕ್ಕೆ ಸೇರತಕ್ಕ ಚರ್ಮಗಳನ್ನು ಹೆಸರುಹೆಸರಾಗಿ ವರ್ಣಿಸಿ, ಮೃದುವಾಗಿ, ನುಣುಪಾಗಿ, ದಟ್ಟವಾದ ರೋಮವುಳ್ಳದ್ದು ಶ್ರೇಷ್ಠವೆಂದು ತೀರ್ಪು ಕೊಡುತ್ತಾನೆ. ಕೌಟಿಲ್ಯನು ಪರೀಕ್ಷಕನ ಕಣ್ಣಿನಿಂದ ಬರೆದಿದ್ದಾನೆ. ಮೃದುತ್ವ ಹೇಗೆ ಬಂದಿತೆಂಬುದು ಅವನಿಗೆ ಬೇಕಾಗಿರಲಿಲ್ಲ. ನಮಗೆ ಬೇಕಾಗಿರುವುದು ಅದೇ.

೨

೧೯೯೧ರ ಸೆಪ್ಟೆಂಬರ್ ತಿಂಗಳಲ್ಲಿ, ಆಸ್ಟ್ರಿಯ ಮತ್ತು ಇಟಲಿ ದೇಶಗಳ ಗಡಿಯ ಆಲ್ಪ್ಸ್ ಪರ್ವತಗಳಲ್ಲಿ, ಸಮುದ್ರಮಟ್ಟದಿಂದ ೩೨೦೦ ಮೀಟರಿಗೂ ಮೇಲೆ, ಕರಗುತ್ತಿದ್ದ ಹಿಮದೊಳಗಿಂದ ಒಬ್ಬ ಮನುಷ್ಯನ ದೇಹ ಹೊರಗೆ ಕಂಡಿತು. ಅವನು ಸತ್ತು ಸುಮಾರು ೫೩೦೦ ವರ್ಷಗಳಾಗಿದ್ದುವು. ಓಟ್ಜಿ ಎಂದು ಲೋಕ ಕರೆಯುವ ಈ ಹಿಮಮಾನವ ಈಗ ಇಟಲಿಯ ಬೊಲ್ಜಾನೊ ನಗರದ ವಸ್ತುಸಂಗ್ರಹಾಲಯದಲ್ಲಿದ್ದಾನೆ. ನಮ್ಮ ಎರಡೂ ಕಸುಬುಗಳು ಒಬ್ಬನೇ ಮನುಷ್ಯನ ಮೈಮೇಲೆ, ಹಿಮದ ರಕ್ಷಣೆಯಲ್ಲಿ ಕೆಡದೆ ಉಳಿದು ಬಂದುದರಿಂದ ಅವನನ್ನು ಇಲ್ಲಿ ಸಾಕ್ಷಿಗೆ ಕರೆಯುತ್ತಿದ್ದೇನೆ.

ಅವನ ಬಳಿ ೧.೮೨ ಮೀಟರ್ ಉದ್ದದ ಬಿಲ್ಲೊಂದಿತ್ತು. ಅದು ಯೂ ಎಂಬ ಶೀತದೇಶದ ಮರದಿಂದ ಮಾಡಿದುದು. ಅದರ ಮೇಲೆ ಕೊಡಲಿಯ ಕೆತ್ತಿನ ಗುರುತುಗಳು ಇನ್ನೂ ಇವೆ, ಏಕೆಂದರೆ ಬಿಲ್ಲು ಪೂರ್ತಿಯಾಗಿರಲಿಲ್ಲ. ಜಿಂಕೆಯ ಜಾತಿಯ ಪ್ರಾಣಿಯೊಂದರ ತೊಗಲಿನ ಬತ್ತಳಿಕೆಯಲ್ಲಿ ೧೪ ಬಾಣಗಳಿದ್ದುವು. ಅವುಗಳಲ್ಲಿ ಗರಿ ಕಟ್ಟಿ, ಕಲ್ಲಿನ ಮೊನೆ ಕೂರಿಸಿ ಮುಗಿಸಿದವು ಎರಡೇ. ಅವನ ನಿಲುವಂಗಿ ಮೇಕೆ ಮತ್ತು ಕುರಿಯ ತೊಗಲಿನ ಪಟ್ಟಿಗಳನ್ನು ಕೂಡಿಸಿ ಹೊಲಿದುದು, ಕಾಲುಗಳ ಹೊದಿಕೆ ಮೇಕೆಯದು, ಒಳಗಿನ ಕೌಪೀನ ಕುರಿಯದು, ಟೋಪಿ ಕರಡಿಯದು. ಪರಿಶೀಲಿಸಿದ ತಜ್ಞರು ಈ ತೊಗಲುಗಳು ಕೊಬ್ಬಿನಿಂದಲೂ ಹೊಗೆಯಿಂದಲೂ ಹದಗೊಂಡವೆಂದು ಕಂಡಿದ್ದಾರೆ. ಮೈಗೆ ಹತ್ತುವ ಕಡೆ ಮೃದುವಾದ ಕುರಿಯ ತೊಗಲು, ತಲೆಗೆ ದಟ್ಟ ರೋಮದ ಕರಡಿಯ ತೊಗಲು ಎಂಬ ವಿವೇಚನೆ ಆಕಸ್ಮಿಕವಾಗಿ ಬರತಕ್ಕುದಲ್ಲ. ಅವನ ಎಡಭುಜದೊಳಗೆ ಕಲ್ಲಿನ ಬಾಣದ ಮೊನೆಯೊಂದು ಸಿಕ್ಕಿಕೊಂಡಿರುವುದು ೨೦೦೧ರಲ್ಲಿ ತಿಳಿದುಬಂದಿತು. ತನ್ನ ಬಿಲ್ಲು ಮುಗಿಯುವ ಮೊದಲೇ ಇನ್ನೊಬ್ಬನ ಬಿಲ್ಲಿನಿಂದ ಅವನು ಸತ್ತನು.

೩

ಈಗ ಆ ಬಿಲ್ಲು ಮುಗಿಯಬೇಕಾಗಿದ್ದರೆ ಏನಾಗಬೇಕಾಗಿತ್ತು ಎಂಬುದನ್ನು ನೋಡೋಣ. ಬಿಲ್ಲನ್ನು ಸೆಳೆದಾಗ ಗುರಿಯ ಕಡೆಗಿರುವ ಅದರ ಬೆನ್ನು ಹಿಗ್ಗುತ್ತದೆ, ಬಿಲ್ಲುಗಾರನ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ನಡುವಿನ ಒಂದು ತೆಳುವಾದ ಪದರ ಮಾತ್ರ ಹಿಗ್ಗದೆ ಕುಗ್ಗದೆ ಉಳಿಯುತ್ತದೆ. ಒಂದೇ ತುಂಡು ಮರ ಒಂದೇ ಕ್ಷಣದಲ್ಲಿ ಪರಸ್ಪರ ವಿರುದ್ಧವಾದ ಎರಡು ಬಲಗಳನ್ನು ತಾಳಿ, ಬಾಣ ಬಿಟ್ಟೊಡನೆ ಮೊದಲಿನ ಸ್ಥಿತಿಗೆ ಮರಳಬೇಕು. ಯೂ ಮರದಲ್ಲಿ ಇದಕ್ಕೆ ಪ್ರಕೃತಿಯೇ ಅನುಕೂಲ ಕಲ್ಪಿಸಿದೆ. ತೊಗಟೆಯ ಕೆಳಗಿನ ಬಿಳಿಯ ಎಳೆಮರ ಎಳೆತವನ್ನು ಚೆನ್ನಾಗಿ ತಾಳುತ್ತದೆ, ಒಳಗಿನ ಕೆಂಪು ಚೇಗು ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಹೊರಗಿನದನ್ನು ಬೆನ್ನಿಗೂ ಒಳಗಿನದನ್ನು ಹೊಟ್ಟೆಗೂ ಬರುವಂತೆ ಮರವನ್ನು ಸೀಳಿದರೆ, ಎರಡು ಬಗೆಯ ಮರಗಳನ್ನು ಅಂಟಿಸಿದ ಫಲ ಅಂಟಿಲ್ಲದೆಯೇ ದೊರೆಯುತ್ತದೆ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಕಾಲದ ಮೇರಿ ರೋಸ್ ಎಂಬ ಯುದ್ಧನೌಕೆ ೧೫೪೫ರಲ್ಲಿ ಮುಳುಗಿ ೧೯೮೨ರಲ್ಲಿ ಮೇಲೆ ಬಂದಾಗ, ಅದರೊಂದಿಗೆ ದೊರೆತ ನೂರಕ್ಕೂ ಮಿಕ್ಕ ಯೂ ಬಿಲ್ಲುಗಳಲ್ಲಿ ಇದೇ ಕ್ರಮ ಕಂಡುಬಂದಿತು. ಓಟ್ಜಿಯ ಕಾಲದಿಂದ ಮೇರಿ ರೋಸ್ ಕಾಲದವರೆಗೆ ಸುಮಾರು ಐದು ಸಾವಿರ ವರ್ಷ ಯೂ ಮರ ತನ್ನ ಪದವಿಯಿಂದ ಇಳಿಯಲಿಲ್ಲ.

ಮರವನ್ನು ರಸ ಇಳಿದಿರುವ ಚಳಿಗಾಲದಲ್ಲಿ ಕಡಿಯುತ್ತಾರೆ. ಗರಗಸದಿಂದ ಕೊಯ್ಯುವುದಿಲ್ಲ, ಬೆಣೆ ಹೊಡೆದು ಸೀಳುತ್ತಾರೆ. ಏಕೆಂದರೆ ಗರಗಸ ತನಗೆ ಬೇಕಾದ ದಾರಿಯಲ್ಲಿ ನಾರನ್ನು ಕತ್ತರಿಸಿಕೊಂಡು ಹೋಗುತ್ತದೆ, ಬೆಣೆ ನಾರಿನ ದಾರಿಯಲ್ಲಿ ಹೋಗುತ್ತದೆ. ಸೀಳಿದ ತುಂಡಿನ ಎರಡು ತುದಿಗಳಿಗೆ ಕೊಬ್ಬನ್ನೋ ಅಂಟನ್ನೋ ಬಳಿದು ನೆರಳಿನಲ್ಲಿ ಬಹುಕಾಲ ಒಣಗಿಸುತ್ತಾರೆ; ಬಳಿಯದಿದ್ದರೆ ತುದಿಗಳು ಬೇಗ ಒಣಗಿ ಬಿರುಕು ಒಳಕ್ಕೆ ಓಡುತ್ತದೆ. ಆಮೇಲೆ ಬೆನ್ನನ್ನು ಸಿದ್ಧಮಾಡುವ ಕೆಲಸ. ಮರ ವರ್ಷಕ್ಕೊಂದರಂತೆ ಬೆಳೆಸಿಕೊಂಡಿರುವ ಬಳೆಗಳಲ್ಲಿ ಒಂದೇ ಬಳೆ ಬಿಲ್ಲಿನ ತುದಿಯಿಂದ ತುದಿಯವರೆಗೆ ಅಖಂಡವಾಗಿ ಬೆನ್ನಾಗಿ ನಿಲ್ಲಬೇಕು. ನಡುವೆ ಎಲ್ಲಿಯಾದರೂ ಉಳಿ ಜಾರಿ ಆ ಬಳೆ ಕಡಿದುಹೋದರೆ, ಸೆಳೆತದಲ್ಲಿ ನಾರು ಅಲ್ಲಿಂದಲೇ ಏಳುತ್ತದೆ, ಸಿಬಿರು ಮೇಲೆ ನಿಲ್ಲುತ್ತದೆ, ಬಿಲ್ಲು ಮುರಿಯುತ್ತದೆ. ಗಂಟು ಬಂದ ಕಡೆ ನಾರು ಅದನ್ನು ಬಳಸಿಕೊಂಡು ಹೋಗಿರುತ್ತದೆಯಾದುದರಿಂದ, ಬಲ್ಲವನು ಅಲ್ಲಿ ಮರವನ್ನು ಸ್ವಲ್ಪ ಹೆಚ್ಚಾಗಿಯೇ ಬಿಟ್ಟು, ಬಿಲ್ಲಿನ ಅಂಚು ಅಂಕುಡೊಂಕಾದರೂ ಚಿಂತಿಸದೆ ಮುಂದಕ್ಕೆ ಸಾಗುತ್ತಾನೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಬಾಗನ್ನು ಸರಿದೂಗಿಸುವ ಕೆಲಸ. ಹೊಟ್ಟೆಯ ಕಡೆಯಿಂದ ತೆಳುವಾಗಿ ಕೆರೆದು, ಉದ್ದನೆಯ ಹೆದೆಯನ್ನು ಸಡಿಲವಾಗಿ ಕಟ್ಟಿ, ನಾಲ್ಕು ಬೆರಳು ಸೆಳೆದು ನೋಡುತ್ತಾನೆ. ಎರಡು ತೋಳುಗಳೂ ಸಮನಾಗಿ ಬಾಗಿದುವೇ, ಎಲ್ಲಿಯಾದರೂ ಮರ ಸೆಟೆದು ನಿಂತಿತೇ, ಎಲ್ಲಿಯಾದರೂ ಹೆಚ್ಚಾಗಿ ಮಡಿಯಿತೇ ಎಂದು ದೂರ ಹಿಡಿದು ದೃಷ್ಟಿಸುತ್ತಾನೆ. ಸೆಟೆದ ಕಡೆ ಇನ್ನಷ್ಟು ಕೆರೆಯುತ್ತಾನೆ. ಮಡಿದ ಕಡೆ ಮುಟ್ಟುವುದಿಲ್ಲ, ಅದರ ಅಕ್ಕಪಕ್ಕವನ್ನು ಅದರ ಮಟ್ಟಕ್ಕೆ ತರುತ್ತಾನೆ. ಹೀಗೆ ಕೆರೆಯುವುದು, ಸೆಳೆಯುವುದು, ನೋಡುವುದು; ಮತ್ತೆ ಒಂದು ಬೆರಳು ಹೆಚ್ಚಾಗಿ ಸೆಳೆಯುವುದು. ಇಲ್ಲಿ ಅವಸರಕ್ಕೆ ಕ್ಷಮೆಯಿಲ್ಲ; ಕಾರಣ, ಮರದ ಬಿಗುವು ಅದರ ದಪ್ಪದ ಘನವನ್ನನುಸರಿಸಿ ಏರಿಳಿಯತಕ್ಕುದು. ಅಗಲದಲ್ಲಿ ಹತ್ತನೆಯ ಒಂದು ಭಾಗ ಕಡಿಮೆಯಾದರೆ ಬಿಗುವಿನಲ್ಲೂ ಹತ್ತನೆಯ ಒಂದು ಭಾಗ ಮಾತ್ರ ಕಡಿಮೆಯಾಗುತ್ತದೆ. ದಪ್ಪದಲ್ಲಿ ಹತ್ತನೆಯ ಒಂದು ಭಾಗ ಹೋದರೆ ಬಿಗುವಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಈ ಗಣಿತವನ್ನು ಬಿಲ್ಲು ಮಾಡುತ್ತಿದ್ದ ಹಳಬರು ಬರೆದಿಡಲಿಲ್ಲ. ಆದರೆ ಅವರ ಬೆರಳು ಬಿಲ್ಲಿನ ದಪ್ಪವನ್ನು ಸವರಿ ನೋಡುತ್ತಿದ್ದ ರೀತಿಯಲ್ಲಿ ಆ ಗಣಿತವೆಲ್ಲ ಇತ್ತು.

೪

ಈ ಕಸುಬು ಗ್ರಂಥಸ್ಥವಾದ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾಗದು. ೧೯೧೧ರ ಆಗಸ್ಟ್ ೨೯ರಂದು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಓರೊವಿಲ್ ಎಂಬ ಊರಿನ ಕಸಾಯಿಖಾನೆಯ ಬಳಿ ಒಬ್ಬ ಬಡಕಲು ದೇಹದ ಮನುಷ್ಯ ಕಾಣಿಸಿಕೊಂಡನು. ಬಿಳಿಯ ವಲಸೆಗಾರರ ಕೈಯಲ್ಲಿ ಹತವಾಗಿ ಹೋದ ಯಾಹಿ ಎಂಬ ಜನರಲ್ಲಿ ಉಳಿದಿದ್ದ ಕೊನೆಯ ವ್ಯಕ್ತಿ ಅವನು. ಆಲ್ಫ್ರೆಡ್ ಕ್ರೋಬರ್ ಮತ್ತು ಥಾಮಸ್ ವಾಟರ್‌ಮನ್ ಎಂಬ ಮಾನವಶಾಸ್ತ್ರಜ್ಞರು ಅವನನ್ನು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿದ್ದ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಕ್ಕೆ ಕರೆತಂದು, ಇಶಿ ಎಂಬ ಹೆಸರಿನಿಂದ ಕರೆದರು. ಅಲ್ಲಿಯ ವೈದ್ಯಶಾಲೆಯಲ್ಲಿ ಶಸ್ತ್ರವೈದ್ಯರಾಗಿದ್ದ ಸ್ಯಾಕ್ಸ್‌ಟನ್ ಪೋಪ್ ಇಶಿಯ ಬಳಿ ಶಿಷ್ಯರಾಗಿ ಕುಳಿತು ಬಿಲ್ಲುವಿದ್ಯೆಯನ್ನು ಕಲಿತರು. ತಾವು ಕಂಡುದನ್ನು ೧೯೧೮ರಲ್ಲಿ ಪ್ರಬಂಧರೂಪವಾಗಿಯೂ ೧೯೨೩ರಲ್ಲಿ ಗ್ರಂಥರೂಪವಾಗಿಯೂ ಪ್ರಕಟಿಸಿದರು. ಇಶಿ ೧೯೧೬ರ ಮಾರ್ಚ್ ತಿಂಗಳಲ್ಲಿ ಕ್ಷಯರೋಗದಿಂದ ತೀರಿಕೊಂಡನು.

ಇಶಿಯ ಬಿಲ್ಲು ಬೆಟ್ಟದ ಜೂನಿಪರ್ ಮರದ್ದು. ಓಟ್ಜಿಯ ಬಿಲ್ಲಿಗಿಂತ ಬಹಳ ಮೋಟಾದುದು. ಅಂಗೈಯನ್ನು ನೇರವಾಗಿ ಚಾಚಿದಾಗ ಅಲ್ಲಿಂದ ಎದುರು ಪಕ್ಕದ ಸೊಂಟದವರೆಗೆ ಎಷ್ಟು ದೂರವೋ ಅಷ್ಟೇ ಉದ್ದ ಎಂಬುದು ಅವನ ಅಳತೆ. ಮೋಟು ಬಿಲ್ಲನ್ನು ಹೆಚ್ಚಾಗಿ ಸೆಳೆದರೆ ಬೆನ್ನಿನ ನಾರು ಏಳುವ ಭಯವುಂಟು. ಅದಕ್ಕಾಗಿ ಅವನು ಜಿಂಕೆಯ ಸ್ನಾಯುವನ್ನು ಎಳೆಎಳೆಯಾಗಿ ಬಿಡಿಸಿ, ಬಾಯಲ್ಲಿ ಅಗಿದು ಮೆತ್ತಗೆ ಮಾಡಿ, ಮೀನಿನ ತೊಗಲನ್ನು ಕುದಿಸಿ ತೆಗೆದ ಅಂಟಿನಿಂದ ಅದನ್ನು ಬಿಲ್ಲಿನ ಬೆನ್ನಿಗೆ ಹತ್ತಿಸಿ, ಮೇಲೆ ತೊಗಟೆಯ ಪಟ್ಟಿಯನ್ನು ಸುತ್ತಿ ಒಣಗಲು ಬಿಡುತ್ತಿದ್ದನು. ಸ್ನಾಯು ಒಣಗುವಾಗ ಸಂಕೋಚಗೊಂಡು ಬೆನ್ನನ್ನು ಬಿಗಿಹಿಡಿಯುತ್ತದೆ. ಮರಕ್ಕೆ ಇಲ್ಲದ ಶಕ್ತಿಯನ್ನು ಮೃಗದ ದೇಹ ಒದಗಿಸುತ್ತದೆ. ಕೆಲಸವಿಲ್ಲದಾಗ ಬಿಲ್ಲನ್ನು ಮಲಗಿಸಿಡಬೇಕು, ನಿಲ್ಲಿಸಿಟ್ಟರೆ ಅದು ದುಡಿಯುತ್ತಲೇ ಇದ್ದು, ಬೆವತು, ದುರ್ಬಲವಾಗುತ್ತದೆ ಎಂದು ಇಶಿ ನಂಬಿದ್ದನೆಂದು ಪೋಪ್ ದಾಖಲಿಸಿದ್ದಾರೆ. ತನ್ನ ಕೈಯ ವಸ್ತುವಿಗೆ ವಿಶ್ರಾಂತಿಯ ಹಕ್ಕುಂಟೆಂದು ತಿಳಿದ ಮನುಷ್ಯನನ್ನು ಕಾಡುಮನುಷ್ಯನೆಂದು ಅಂದಿನ ಪತ್ರಿಕೆಗಳು ಕರೆದುವು.

೫

ಬಿಲ್ಲಿನ ಬೆನ್ನಿಗೆ ಬಂದ ಸ್ನಾಯು, ಅದನ್ನು ಹಿಡಿದ ಅಂಟು ನಮ್ಮನ್ನು ಸಹಜವಾಗಿಯೇ ಎರಡನೆಯ ಕಸುಬಿಗೆ ಕರೆತರುತ್ತವೆ.

ಸುಲಿದ ತೊಗಲಿಗೆ ಎರಡು ಗತಿಗಳುಂಟು. ಹಸಿಯಾಗಿ ಬಿಟ್ಟರೆ ಕೊಳೆಯುತ್ತದೆ. ಒಣಗಿಸಿದರೆ ಹಲಗೆಯಾಗಿ ಸೆಟೆದುಕೊಳ್ಳುತ್ತದೆ. ಸೆಟೆದುಕೊಳ್ಳುವ ಕಾರಣವೇ ಈ ಕಸುಬಿನ ಬೀಗದ ಕೈ. ತೊಗಲೆಂದರೆ ಕೋಟ್ಯಂತರ ಸೂಕ್ಷ್ಮವಾದ ನಾರುಗಳು ಎಲ್ಲ ದಿಕ್ಕುಗಳಿಗೂ ಹೆಣೆದುಕೊಂಡಿರುವ ಒಂದು ರಚನೆ. ಜೀವವಿದ್ದಾಗ ನೀರು ಈ ನಾರುಗಳನ್ನು ಬೇರೆಬೇರೆಯಾಗಿ ಇಟ್ಟಿರುತ್ತದೆ. ನೀರು ಹೋದೊಡನೆ ಅವು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ನೀರಿನ ಸ್ಥಾನವನ್ನು ಕೆಡದಿರುವ ಮತ್ತಾವುದಾದರೊಂದು ದ್ರವ್ಯದಿಂದ ತುಂಬಿ, ನಾರುಗಳು ಒಂದರ ಮೇಲೊಂದು ಜಾರುತ್ತಿರುವಂತೆ ಮಾಡುವುದೇ ಹದ.

ಉತ್ತರ ಅಮೆರಿಕದ ಮೂಲನಿವಾಸಿಗಳು ಇದಕ್ಕೆ ಅದೇ ಪ್ರಾಣಿಯ ಮಿದುಳನ್ನು ಬಳಸಿದರು. ತೊಗಲಿನ ಒಳಮೈಯ ಮಾಂಸವನ್ನೂ ಹೊರಮೈಯ ರೋಮವನ್ನೂ ಕೆರೆದು ತೆಗೆದು, ಬಿಸಿನೀರಿನಲ್ಲಿ ಕದಡಿದ ಮಿದುಳನ್ನು ಅದಕ್ಕೆ ಚೆನ್ನಾಗಿ ತಿಕ್ಕಿ ಕುಡಿಸುತ್ತಾರೆ. ಮಿದುಳಿನಲ್ಲಿ ಜಿಡ್ಡನ್ನೂ ನೀರನ್ನೂ ಒಂದುಗೂಡಿಸುವ ಗುಣವಿರುವುದರಿಂದ ಜಿಡ್ಡು ನೀರಿನೊಂದಿಗೆ ನಾರಿನ ಆಳಕ್ಕೆ ಇಳಿಯುತ್ತದೆ. ಆಮೇಲೆ ತೊಗಲನ್ನು ಹಿಂಡಿ, ಪೂರ್ತಿಯಾಗಿ ಒಣಗುವವರೆಗೂ ಬಿಡುವಿಲ್ಲದೆ ಎಳೆದಾಡಬೇಕು. ನಡುವೆ ಕೈ ನಿಂತರೆ ಅಷ್ಟು ಭಾಗ ಬಿರುಸಾಗಿ ಉಳಿಯುತ್ತದೆ. ಹೀಗೆ ಮೃದುವಾದ ತೊಗಲು ಮತ್ತೆ ನೆನೆದರೆ ಮೊದಲಿನ ಅವಸ್ಥೆಗೆ ಹೋಗದಂತೆ ಅದನ್ನು ಚೀಲವಾಗಿ ಹೊಲಿದು, ಕೊಳೆತು ಹಗುರವಾದ ಮರದ ತಣ್ಣನೆಯ ಹೊಗೆಯನ್ನು ಅದರೊಳಗೆ ತುಂಬುತ್ತಾರೆ. ಹೊಗೆಯಲ್ಲಿರುವ ಆಲ್ಡಿಹೈಡ್ ಎಂಬ ದ್ರವ್ಯಗಳು ನಾರುಗಳನ್ನು ಅಲ್ಲಲ್ಲಿ ಬಂಧಿಸಿ ಅವುಗಳ ಅಂತರವನ್ನು ಕಾಯುತ್ತವೆ ಎಂದು ಇಂದಿನ ರಸಾಯನಶಾಸ್ತ್ರ ಹೇಳುತ್ತದೆ. ಹೊಗೆ ಕೊಟ್ಟ ತೊಗಲು ನೆನೆದು ಒಣಗಿದರೂ ಮೆತ್ತಗೇ ಇರುತ್ತದೆ ಎಂಬ ಫಲವನ್ನು ಜನ ಅದಕ್ಕೆ ಬಹಳ ಮೊದಲೇ ಬಲ್ಲವರಾಗಿದ್ದರು.

ನಮ್ಮ ದೇಶದ ದಾರಿ ಮರದ ತೊಗಟೆ ಮತ್ತು ಕಾಯಿಯ ದಾರಿ. ತಂಗಡಿಯ ಚಕ್ಕೆ, ಜಾಲಿಯ ಚಕ್ಕೆ, ಅಳಲೆಕಾಯಿ ಇವುಗಳಲ್ಲಿರುವ ಒಗರು ನಾರಿಗೆ ಅಂಟಿಕೊಂಡು ಅದನ್ನು ಕೊಳೆಯದಂತೆ ಕಾಪಾಡುತ್ತದೆ. ದಕ್ಷಿಣ ಭಾರತದ ಬಯಲುಸೀಮೆಯಲ್ಲಿ ಹಳದಿ ಹೂ ಬಿಟ್ಟುಕೊಂಡು ತಾನಾಗಿ ಬೆಳೆಯುವ ತಂಗಡಿಯ ಗಿಡ ಒಂದು ಕಾಲಕ್ಕೆ ಮದರಾಸಿನಿಂದ ಸಮುದ್ರ ದಾಟಿ ಹೋಗುತ್ತಿದ್ದ ಹದದ ತೊಗಲಿಗೆ ಮುಖ್ಯ ಆಧಾರವಾಗಿತ್ತು. ಕೊಲ್ಹಾಪುರದ ಸೀಮೆಯಲ್ಲಿಯೂ ಅದಕ್ಕೆ ಹತ್ತಿದ ನಮ್ಮ ಬೆಳಗಾವಿಯ ಕಡೆಯಲ್ಲಿಯೂ ಬೆಳೆದುಬಂದ ಚೀಲದ ಹದವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದನದ ಅಥವಾ ಎಮ್ಮೆಯ ತೊಗಲನ್ನು ನೆನೆಸಿ, ತೊಳೆದು, ಸುಣ್ಣದ ನೀರಿನಲ್ಲಿ ದಿನಗಟ್ಟಲೆ ಇಡುತ್ತಾರೆ. ಸುಣ್ಣ ರೋಮದ ಬುಡವನ್ನು ಸಡಿಲಿಸುತ್ತದೆ, ನಾರನ್ನು ಉಬ್ಬಿಸಿ ಬಿಡಿಸುತ್ತದೆ. ಆಮೇಲೆ ಇಳಿಜಾರಾದ ಮರದ ದಿಮ್ಮಿಯ ಮೇಲೆ ತೊಗಲನ್ನು ಹಾಸಿ, ಎರಡು ಹಿಡಿಯ ಕತ್ತಿಯಿಂದ ಒಂದು ಕಡೆ ರೋಮವನ್ನೂ ಇನ್ನೊಂದು ಕಡೆ ಮಾಂಸವನ್ನೂ ಹೆರೆಯುತ್ತಾರೆ. ಕತ್ತಿ ಸ್ವಲ್ಪ ಓರೆಯಾದರೆ ತೊಗಲಿಗೆ ಗಾಯವಾಗುತ್ತದೆ, ಆ ಗಾಯ ಎಂದಿಗೂ ಮುಚ್ಚುವುದಿಲ್ಲ. ಸುಣ್ಣವನ್ನು ಪೂರ್ತಿಯಾಗಿ ತೊಳೆದು ತೆಗೆದು, ತೊಗಟೆಯ ತೆಳುವಾದ ಕಷಾಯದಲ್ಲಿ ಮೊದಲು ಅದ್ದಿ, ಮೈಗೆ ಬಣ್ಣ ಹತ್ತಿದ ಮೇಲೆ ಅಂಚುಗಳನ್ನು ಹೊಲಿದು ಇಡೀ ತೊಗಲನ್ನು ಒಂದು ಚೀಲವಾಗಿ ಮಾಡಿ ತೊಲೆಗೆ ತೂಗುಹಾಕುತ್ತಾರೆ. ಅದರೊಳಗೆ ಕುಟ್ಟಿದ ಜಾಲಿಯ ಚಕ್ಕೆಯನ್ನೂ ಅಳಲೆಯ ಪುಡಿಯನ್ನೂ ತುಂಬಿ ಕಷಾಯ ಹೊಯ್ಯುತ್ತಾರೆ. ಕಷಾಯ ತೊಗಲಿನ ಮೂಲಕವೇ ಜಿನುಗಿ ಕೆಳಗಿಟ್ಟ ಬಾನಿಗೆ ತೊಟ್ಟಿಕ್ಕುತ್ತದೆ. ಅದನ್ನು ಮತ್ತೆ ಮೊಗೆದು ಮೇಲಿನಿಂದ ಹೊಯ್ಯುತ್ತಾರೆ. ಕೆಲವು ದಿನಗಳಾದ ಮೇಲೆ ಚೀಲವನ್ನು ತಲೆಕೆಳಗು ಮಾಡಿ, ಕಟ್ಟಿದ ತುದಿಯನ್ನು ಹೊಲಿದು ಇನ್ನೊಂದು ತುದಿಯನ್ನು ಬಿಚ್ಚಿ ಪುನಃ ತುಂಬುತ್ತಾರೆ. ಹದ ಮುಗಿಯಿತೋ ಇಲ್ಲವೋ ಎಂಬುದಕ್ಕೆ ಅಂಚಿನಲ್ಲಿ ಸಣ್ಣದಾಗಿ ಕೊಯ್ದು ಬಣ್ಣವನ್ನು ನೋಡುತ್ತಾರೆ. ಕೊಯ್ತದ ನಡುವೆ ಬಿಳಿಯ ಗೆರೆ ಉಳಿದಿದ್ದರೆ ನಾರಿನ ಹೊಟ್ಟೆಗೆ ಕಷಾಯ ಇನ್ನೂ ಮುಟ್ಟಿಲ್ಲವೆಂದು ತಿಳಿಯತಕ್ಕದ್ದು.

ಅಥಣಿ, ನಿಪ್ಪಾಣಿಗಳ ಕಡೆಯ ಕೈಹೊಲಿಗೆಯ ಚಪ್ಪಲಿಗಳಿಗೆ ಈ ಬಗೆಯ ತೊಗಲೇ ಆಧಾರ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತಿನ ಹಕ್ಕು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಸಂದಿರುವುದು ನ್ಯಾಯವಾಗಿಯೇ ಇದೆ.

೬

ಈಗ ಎರಡು ಕಸುಬುಗಳ ಏಕತೆಯ ವಿಚಾರ. ತೊಗಲಿನ ನಾರು, ಬಿಲ್ಲಿನ ಬೆನ್ನಿನ ಸ್ನಾಯು, ಅದನ್ನು ಹಿಡಿದ ಅಂಟು ಇವು ಮೂರೂ ಒಂದೇ ದ್ರವ್ಯ. ಅದಕ್ಕೆ ವಿಜ್ಞಾನಿಗಳು ಕೊಲಾಜನ್ ಎಂದು ಹೆಸರಿಟ್ಟಿದ್ದಾರೆ. ಅದರ ಒಳರಚನೆ ಏನೆಂಬ ಪ್ರಶ್ನೆ ಲೋಕದ ದೊಡ್ಡ ಪ್ರಯೋಗಶಾಲೆಗಳನ್ನು ಕಾಡುತ್ತಿದ್ದ ಕಾಲದಲ್ಲಿ, ಮದರಾಸು ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪೀನಾಥ ಕರ್ತಾ ೧೯೫೪ರಲ್ಲಿ ಅದಕ್ಕೆ ಸಮಾಧಾನವನ್ನು ಸೂಚಿಸಿದರು: ಮೂರು ಸರಪಣಿಗಳು ಮೂರೆಳೆಯ ಹಗ್ಗದಂತೆ ಒಂದನ್ನೊಂದು ಸುತ್ತಿಕೊಂಡಿವೆ. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮುಂದೆ ಅದೇ ಸಂಸ್ಥೆಗೆ ಮರಳಿ ಬಂದು ಅಣುಜೀವಭೌತ ವಿಜ್ಞಾನದ ವಿಭಾಗವನ್ನು ಕಟ್ಟಿದವರು. ಮದರಾಸಿನಲ್ಲಿ ೧೯೪೮ರಲ್ಲಿ ಸ್ಥಾಪಿತವಾದ ಕೇಂದ್ರೀಯ ಚರ್ಮ ಸಂಶೋಧನಾಲಯ ಮದರಾಸು ವಿಶ್ವವಿದ್ಯಾಲಯದ ಅವರ ವಿಭಾಗದ ನೆರೆಯಲ್ಲೇ ಇತ್ತು. ತೊಗಲಿನ ಪ್ರಶ್ನೆಯೊಂದು ಭಾರತೀಯ ವಿಜ್ಞಾನಕ್ಕೆ ಜಗನ್ಮನ್ನಣೆಯನ್ನು ತಂದಿತೆಂಬುದನ್ನು ನಾವು ಮರೆಯಬಾರದು.

ಸ್ನಾಯುವಿನಲ್ಲಿ ಈ ಹುರಿಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ನಿಂತಿವೆ, ಆದುದರಿಂದ ಅದು ಎಳೆತಕ್ಕೆ ಬಗ್ಗದು. ತೊಗಲಿನಲ್ಲಿ ಅವು ಎಲ್ಲ ದಿಕ್ಕಿಗೂ ಹೆಣೆದಿವೆ, ಆದುದರಿಂದ ಅದು ಯಾವ ಕಡೆಗೂ ಹರಿಯದು. ಹದಗೊಳ್ಳದ ತೊಗಲನ್ನು ನೀರಿನಲ್ಲಿ ಸುಮಾರು ೬೦ ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ ಹುರಿ ಬಿಚ್ಚಿಕೊಂಡು ತೊಗಲು ಮುದುಡುತ್ತದೆ. ಕುದಿಸುತ್ತ ಹೋದರೆ ಕರಗಿ ಅಂಟಾಗುತ್ತದೆ. ಸಾಲಾಗಿ ನಿಂತ ನಾರನ್ನು ಹೆದೆಗೆ, ಹೆಣೆದ ನಾರನ್ನು ಬತ್ತಳಿಕೆಗೆ, ಕರಗಿದ ನಾರನ್ನು ಅಂಟಿಗೆ ಎಂದು ಒಂದೇ ದ್ರವ್ಯದ ಮೂರು ಅವಸ್ಥೆಗಳನ್ನು ವಿಂಗಡಿಸಿ ಬಳಸಿದ ಇಶಿ, ಆ ದ್ರವ್ಯದ ಹೆಸರನ್ನು ಕೇಳಿದವನಲ್ಲ. ಅವನ ಜ್ಞಾನಕ್ಕೂ ರಾಮಚಂದ್ರನ್ ಅವರ ಜ್ಞಾನಕ್ಕೂ ವಿಷಯ ಒಂದೇ, ಮಾರ್ಗ ಬೇರೆ. ಒಂದನ್ನು ಪೂಜಿಸಿ ಇನ್ನೊಂದನ್ನು ಅಸಡ್ಡೆ ಮಾಡುವುದು ವಿವೇಕಕ್ಕೆ ಒಪ್ಪತಕ್ಕ ಮಾತಲ್ಲ.

೭

ಅಸಡ್ಡೆ ಎಂದೆನು, ತೊಗಲಿನ ವಿಷಯದಲ್ಲಿ ಆ ಮಾತು ಸಾಲದು. ಸತ್ತ ದನವನ್ನು ಎತ್ತುವುದು, ಸುಲಿಯುವುದು, ಹದಮಾಡುವುದು ಇವು ಜಾತಿಯ ಹೆಸರಿನಲ್ಲಿ ಕೆಲವರ ಮೇಲೆ ಹೇರಲ್ಪಟ್ಟವು. ಅವರ ಕೈ ತಯಾರಿಸಿದ ಚಪ್ಪಲಿ, ಬಾವಿಯ ಕಪಿಲೆಯ ಚೀಲ, ದೇವಸ್ಥಾನದ ಮದ್ದಳೆಯ ಮೈ ಊರಿಗೆ ಬೇಕಾಗಿದ್ದುವು, ಆ ಕೈ ಬೇಕಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯರನ್ನು ತಮ್ಮ ಹಿರಿಯರೆಂದು ಎದೆಗೊತ್ತಿಕೊಂಡರು. ಅದು ಕನ್ನಡನಾಡಿನ ಚರಿತ್ರೆಯ ಅತ್ಯುನ್ನತ ಕ್ಷಣಗಳಲ್ಲಿ ಒಂದು. ಆ ಕ್ಷಣವನ್ನು ಭಾಷಣಗಳಲ್ಲಿ ಸ್ಮರಿಸುವ ನಾವು, ಕಕ್ಕಯ್ಯನ ಕಾಯಕದ ಒಳಗೇನಿತ್ತು ಎಂದು ಇಂದಿಗೂ ವಿಚಾರಿಸಿಲ್ಲ. ಭಕ್ತಿಯನ್ನು ಕೊಂಡಾಡಿ ವಿದ್ಯೆಯನ್ನು ಬಿಟ್ಟಿದ್ದೇವೆ.

ಈ ನಡುವೆ ಕಸುಬು ಕ್ಷೀಣಿಸುತ್ತಿದೆ. ೧೮೫೮ರಲ್ಲಿ ಜರ್ಮನಿಯ ಫ್ರೀಡ್ರಿಶ್ ಕ್ನಾಪ್ ವರ್ಣಿಸಿದ, ೧೮೮೪ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಜ್ ಹಕ್ಕುಪತ್ರ ಪಡೆದ ಕ್ರೋಮಿಯಂ ಲವಣದ ಹದ, ವಾರಗಳ ಕೆಲಸವನ್ನು ಗಂಟೆಗಳಿಗೆ ಇಳಿಸಿತು. ಮದರಾಸಿನಲ್ಲಿ ಅದನ್ನು ಬಳಕೆಗೆ ತರಲು ಶ್ರಮಿಸಿದ ಆಲ್ಫ್ರೆಡ್ ಚಾಟರ್ಟನ್ನರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆಯ ನಿರ್ದೇಶಕರಾದರು. ಕ್ರೋಮ್ ತೊಗಲು ಕುದಿಯುವ ನೀರನ್ನು ತಾಳುತ್ತದೆ, ಅಗ್ಗವಾಗಿದೆ, ಒಂದೇ ಸಮನಾಗಿದೆ. ಅದರ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕಾರ್ಖಾನೆಗಳ ಹೊಲಸು ನೀರು ಸರಿಯಾದ ಶುದ್ಧೀಕರಣವಿಲ್ಲದೆ ಹರಿದ ಕಡೆಯಲ್ಲೆಲ್ಲ ಹೊಳೆಗಳೂ ಬಾವಿಗಳೂ ಕೆಟ್ಟಿವೆ ಎಂಬುದು ಕಣ್ಣಿಗೆ ಕಾಣುವ ಸಂಗತಿ. ತಂಗಡಿ, ಜಾಲಿ, ಅಳಲೆಗಳ ಹದ ನಮ್ಮ ಮಣ್ಣಿಗೆ ಆ ಲೋಹದ ಸಾಲವನ್ನು ಹೊರಿಸುವುದಿಲ್ಲ.

ತಂದೆಯ ಬಾನಿಗೆ ಮಗನನ್ನು ಮತ್ತೆ ಕಟ್ಟಿಹಾಕಬೇಕೆಂದು ನಾನು ಹೇಳುತ್ತಿದ್ದೇನೆಂದು ಯಾರೂ ಭಾವಿಸಬಾರದು. ಆ ಬಾನಿಯ ದುರ್ಗಂಧ, ಸುಣ್ಣದಿಂದ ಬಿರಿದ ಅಂಗೈ, ನೆರೆಯವರ ತಿರಸ್ಕಾರ ಇವುಗಳಿಂದ ಬಿಡುಗಡೆ ಬಯಸಿ ಓದಿ ಹೊರಟ ಪ್ರತಿಯೊಬ್ಬ ಯುವಕನಿಗೂ ಯುವತಿಗೂ ನನ್ನ ಪೂರ್ಣವಾದ ಸಮ್ಮತಿಯುಂಟು. ಯಾವ ವಿದ್ಯೆಯೂ ಹುಟ್ಟಿನ ಶಿಕ್ಷೆಯಾಗಕೂಡದು. ನಾನು ಕೇಳುವುದು ಇದು: ಒಂದು ಜಾತಿಯ ಮೇಲೆ ಹೇರಿದ್ದ ಭಾರವನ್ನು ಇಳಿಸುವ ಭರದಲ್ಲಿ ಆ ಜನ ಗಳಿಸಿದ ಜ್ಞಾನವನ್ನೂ ಭೂಮಿಗೆ ಚೆಲ್ಲಬೇಡಿ, ಅದನ್ನು ಎಲ್ಲರೂ ಕಲಿಯಬಹುದಾದ, ಕಲಿಸಿದವರಿಗೆ ಗೌರವವೂ ಸಂಭಾವನೆಯೂ ಸಲ್ಲುವ ವಿದ್ಯೆಯನ್ನಾಗಿ ಮಾಡಿ.

ಇದಕ್ಕೆ ದಾರಿಗಳುಂಟು. ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಹಾಡು ಕಥೆಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಕಸುಬುಗಳನ್ನೂ ಸಂಗ್ರಹಿಸಬೇಕು. ಸಂಗ್ರಹಿಸುವವನು ಸ್ವತಃ ಕತ್ತಿ ಹಿಡಿದು, ಪೋಪ್ ಇಶಿಯ ಬಳಿ ಕುಳಿತಂತೆ ಕುಳಿತು ಕಲಿಯಬೇಕು. ನಿಂತು ನೋಡಿ ಬರೆದುದು ಈ ವಿದ್ಯೆಯಲ್ಲಿ ಅರ್ಧ ಮಾತ್ರ. ಜಿಲ್ಲೆಯ ವಸ್ತುಸಂಗ್ರಹಾಲಯಗಳಲ್ಲಿ ರಾಜರ ಕತ್ತಿಗಳ ಪಕ್ಕದಲ್ಲಿ ಹದಗಾರರ ಎರಡು ಹಿಡಿಯ ಕತ್ತಿಯೂ, ಅದನ್ನು ಹಿಡಿದವರ ಹೆಸರೂ ಇರಬೇಕು. ರಸಾಯನಶಾಸ್ತ್ರದ ತರಗತಿಯಲ್ಲಿ ಅಳಲೆಕಾಯಿಯ ಒಗರನ್ನು ಕುರಿತು ಪಾಠ ಹೇಳುವ ದಿನ, ಅದನ್ನು ಕೈಯಾರೆ ಬಲ್ಲ ಒಬ್ಬ ಹಿರಿಯ ಹದಗಾರನನ್ನು ಕರೆಸಿ, ಅತಿಥಿ ಉಪನ್ಯಾಸಕನಿಗೆ ಕೊಡುವ ಸಂಭಾವನೆಯನ್ನೇ ಅವನಿಗೂ ಕೊಟ್ಟು, ಅಧ್ಯಾಪಕರ ಕುರ್ಚಿಯಲ್ಲಿ ಕುಳ್ಳಿರಿಸಿ ಮಾತನಾಡಿಸಬೇಕು. ಬಿದಿರಿನ ಬಿಲ್ಲು ಮಾಡಬಲ್ಲ ಮುದುಕರು ಕಾಡಂಚಿನ ಹಾಡಿಗಳಲ್ಲಿ ಎಲ್ಲಿಯಾದರೂ ಉಳಿದಿದ್ದರೆ, ಅವರ ಮೊಮ್ಮಕ್ಕಳ ಶಾಲೆಯ ಅಂಗಳದಲ್ಲಿ ಅವರೇ ಗುರುಗಳಾಗಬೇಕು.

ಈ ದತ್ತಿ ಉಪನ್ಯಾಸಮಾಲೆಯ ವ್ಯವಸ್ಥಾಪಕರಲ್ಲಿಯೂ ನನ್ನದೊಂದು ವಿನಂತಿಯುಂಟು. ಮುಂದಿನ ಯಾವುದಾದರೊಂದು ವರ್ಷ ಈ ವೇದಿಕೆಗೆ ಗ್ರಂಥಗಳಿಂದ ಕಲಿತವರನ್ನು ಬಿಟ್ಟು, ಅಥಣಿಯ ಕಡೆಯಿಂದ ತೊಗಲು ಹದಮಾಡುವ ಒಬ್ಬ ಕುಶಲಿಯನ್ನು ಉಪನ್ಯಾಸಕನಾಗಿ ಆಹ್ವಾನಿಸಿ. ಅವರು ಹೇಳುವುದನ್ನು ಬರೆದುಕೊಳ್ಳುವ ಕೆಲಸಕ್ಕೆ ನಾನು ಸಂತೋಷದಿಂದ ಬರುತ್ತೇನೆ.